ಮನೆಯ ಯಂತ್ರಗಳು: ಮೂರು ಕಾಲುಗಳ ಪರೀಕ್ಷೆ

ಟ್ರಾನ್ಸಿಸ್ಟರು ಎಂದೊಡನೆ ನಮ್ಮ ಮನೆಗಳ ಹಿರಿಯರಿಗೆ ನೆನಪಾಗುವುದು ತೊಗಲಿನ ಚೀಲದೊಳಗಿಟ್ಟು ಹೆಗಲಿಗೆ ತೂಗಹಾಕಿಕೊಳ್ಳುತ್ತಿದ್ದ ಚಿಕ್ಕ ರೇಡಿಯೋ. ವಾಸ್ತವವಾಗಿ ಅದು ಪೆಟ್ಟಿಗೆಯ ಹೆಸರಲ್ಲ. ಪೆಟ್ಟಿಗೆಯೊಳಗಿನ ಒಂದು ಪುಟ್ಟ ಅಂಗದ ಹೆಸರು. ೧೯೪೭ನೆಯ ಇಸವಿಯ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟೇನ್ ಎಂಬ ವಿಜ್ಞಾನಿಗಳು ಅದನ್ನು ಮೊದಲು ಮಾಡಿ ತೋರಿಸಿದರು. ಅವರಿಬ್ಬರಿಗೂ, ಅವರೊಡನೆ ಈ ವಿಷಯದಲ್ಲಿ ಶ್ರಮಿಸಿದ ಶಾಕ್ಲಿಯವರಿಗೂ ೧೯೫೬ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಅಲ್ಲಿಯ ತನಕ ಗಾಜಿನ ವಾಲ್ವುಗಳು ಮಾಡುತ್ತಿದ್ದ ಕೆಲಸವನ್ನು ಈ ಕಾಳಿನಷ್ಟು ವಸ್ತುವು ತನ್ನ ಮೇಲೆ ಹಾಕಿಕೊಂಡಿತು.

ಗಿಟಾರಿನ ಧ್ವನಿವರ್ಧಕ ಯಂತ್ರಕ್ಕೆ, ಎಂದರೆ ಆಂಪ್ಲಿಫೈಯರಿಗೆ, ಇದು ಬಂದದ್ದು ತುಸು ತಡವಾಗಿ. ೧೯೬೬ರಲ್ಲಿ ಫೆಂಡರ್ ಸಂಸ್ಥೆಯು ವಾಲ್ವುಗಳನ್ನು ಬಿಟ್ಟು ಟ್ರಾನ್ಸಿಸ್ಟರುಗಳಿಂದಲೇ ನಡೆಯುವ ಆಂಪ್ಲಿಫೈಯರುಗಳನ್ನು ಮಾರಾಟಕ್ಕೆ ತಂದಿತು. ಆದರೆ ಅವು ಜನರ ಮೆಚ್ಚಿಕೆಯನ್ನು ಪಡೆಯದೆ ಕೆಲವೇ ವರ್ಷಗಳಲ್ಲಿ ನಿಂತುಹೋದುವು. ೧೯೭೫ರಲ್ಲಿ ಜಪಾನಿನ ರೋಲೆಂಡ್ ಸಂಸ್ಥೆಯು ಹೊರತಂದ ಜೆ.ಸಿ. ೧೨೦ ಎಂಬುದಾದರೋ ಬಹುಕಾಲ ಬಾಳಿ ಹೆಸರು ಗಳಿಸಿತು. ಈ ಎರಡು ದಶಕಗಳ ಇಂಥ ಯಂತ್ರಗಳು ಇಂದಿಗೂ ಕೆಲವು ಮನೆಗಳ ಅಟ್ಟದಲ್ಲಿ, ಸಂಗೀತದ ಕೋಣೆಯ ಮೂಲೆಯಲ್ಲಿ ಉಳಿದುಕೊಂಡಿವೆ. ತಂದೆಯೋ ಚಿಕ್ಕಪ್ಪನೋ ನುಡಿಸುತ್ತಿದ್ದ ಗಿಟಾರಿನೊಡನೆ ಬಂದ ಪೆಟ್ಟಿಗೆಯು ಈಗ ಕೊರಗುಟ್ಟುತ್ತದೆ, ಇಲ್ಲವೇ ಸುಮ್ಮನಾಗಿದೆ ಎಂದ ಮಾತ್ರಕ್ಕೆ ಗುಜರಿಗೆ ಹಾಕುವುದು ನ್ಯಾಯವಲ್ಲ. ಅನೇಕ ವೇಳೆ ದೋಷವಿರುವುದು ಅಲ್ಪಬೆಲೆಯ ಒಂದು ಟ್ರಾನ್ಸಿಸ್ಟರಿನಲ್ಲಿ; ಎಷ್ಟೋ ವೇಳೆ ಟ್ರಾನ್ಸಿಸ್ಟರಿನಲ್ಲಿಯೂ ಅಲ್ಲ, ಅದು ಯಂತ್ರದೊಡನೆ ಕೂಡಿಕೊಳ್ಳುವ ಸಂಧಿಯಲ್ಲಿ. ಆದುದರಿಂದ ಈ ತಿಂಗಳು ಆ ಸಂಧಿಗಳನ್ನು ಪರೀಕ್ಷಿಸತಕ್ಕ ಕ್ರಮವನ್ನು ವಿವರಿಸುತ್ತೇವೆ.

ಮೂರು ಕಾಲುಗಳ ಕೆಲಸ

ಟ್ರಾನ್ಸಿಸ್ಟರಿಗೆ ಮೂರು ಕಾಲುಗಳು: ಕಲೆಕ್ಟರ್, ಬೇಸ್, ಎಮಿಟರ್. ಕೆರೆಯ ತೂಬನ್ನು ಕಂಡವರಿಗೆ ಇವುಗಳ ಕೆಲಸವು ಸುಲಭವಾಗಿ ತಿಳಿದೀತು. ಕಲೆಕ್ಟರ್ ಎಂಬುದು ನೀರು ತುಂಬಿ ನಿಂತ ಕೆರೆಯ ಕಡೆ. ಎಮಿಟರ್ ಎಂಬುದು ನೀರು ಹರಿದುಹೋಗುವ ಕಾಲುವೆಯ ಕಡೆ. ಬೇಸ್ ಎಂಬುದು ನೀರುಗಂಟಿಯು ಎತ್ತಿ ಇಳಿಸುವ ತೂಬಿನ ಹಿಡಿ. ಹಿಡಿಯನ್ನು ಎತ್ತಲು ಒಬ್ಬನ ತೋಳಿನ ಬಲವು ಸಾಕು. ಅದರಿಂದ ಹೊರಡುವ ಪ್ರವಾಹವು ಊರಿನ ಗದ್ದೆಗಳನ್ನೆಲ್ಲ ನೆನೆಸುತ್ತದೆ. ಹಾಗೆಯೇ ಗಿಟಾರಿನ ತಂತಿಯಿಂದ ಬಂದ ಅತ್ಯಲ್ಪವಾದ ವಿದ್ಯುತ್ತು ಬೇಸನ್ನು ಅಲುಗಿಸಿದರೆ ಕಲೆಕ್ಟರಿನಿಂದ ಎಮಿಟರಿಗೆ ದೊಡ್ಡ ಪ್ರವಾಹವು ಅದೇ ಲಯದಲ್ಲಿ ಹರಿಯುತ್ತದೆ. ಇದು ಎನ್.ಪಿ.ಎನ್. ಎಂಬ ಜಾತಿಯ ಮಾತು. ಪಿ.ಎನ್.ಪಿ. ಎಂಬ ಇನ್ನೊಂದು ಜಾತಿಯಲ್ಲಿ ಪ್ರವಾಹದ ದಿಕ್ಕು ತಿರುಗುಮುರುಗು, ತತ್ತ್ವವು ಒಂದೇ.

ಇಲ್ಲಿ ಮುಖ್ಯವಾಗಿ ಮನಸ್ಸಿನಲ್ಲಿಡಬೇಕಾದ ಸಂಗತಿಯೊಂದುಂಟು. ಮೂರು ಕಾಲುಗಳೂ ನೋಡುವುದಕ್ಕೆ ಒಂದೇ ತೆರನಾಗಿರುತ್ತವೆ. ಆದರೆ ಯಾವುದು ಯಾವುದೆಂಬ ಕ್ರಮವು ಎಲ್ಲ ಟ್ರಾನ್ಸಿಸ್ಟರುಗಳಲ್ಲಿಯೂ ಒಂದೇ ಅಲ್ಲ. ಅರ್ಧಚಂದ್ರಾಕಾರದ ಕರಿಯ ಸಣ್ಣ ಟ್ರಾನ್ಸಿಸ್ಟರನ್ನು, ಅಕ್ಷರವಿರುವ ಚಪ್ಪಟೆ ಮುಖವು ನಮ್ಮ ಕಡೆಗೂ ಕಾಲುಗಳು ಕೆಳಗೂ ಇರುವಂತೆ ಹಿಡಿಯಿರಿ. ಅಮೆರಿಕದ ೨ಎನ್ ೩೯೦೪ ಎಂಬುದಾದರೆ ಎಡದಿಂದ ಬಲಕ್ಕೆ ಎಮಿಟರ್, ಬೇಸ್, ಕಲೆಕ್ಟರ್. ಯೂರೋಪಿನ ಬಿ.ಸಿ. ೫೪೭ ಆದರೆ ಕಲೆಕ್ಟರ್, ಬೇಸ್, ಎಮಿಟರ್. ಜಪಾನಿನ ೨ಎಸ್‌ಸಿ ೧೮೧೫ ಆದರೆ ಎಮಿಟರ್, ಕಲೆಕ್ಟರ್, ಬೇಸ್. ಮೂರೂ ಎನ್.ಪಿ.ಎನ್. ಜಾತಿಯವೇ, ಮೂರೂ ಸಣ್ಣ ಸಂಕೇತಗಳ ಕೆಲಸಕ್ಕೆ ಸಲ್ಲುವುವೇ. ಆದರೂ ಒಂದನ್ನು ಕಿತ್ತು ಅದೇ ತೂತುಗಳಲ್ಲಿ ಇನ್ನೊಂದನ್ನು ನೆಟ್ಟರೆ ಕೆಲಸವು ಕೆಡುತ್ತದೆ. ಮಧ್ಯಮ ಗಾತ್ರದವುಗಳಲ್ಲಿಯೂ ಹೀಗೆಯೇ: ಟಿ.ಐ.ಪಿ. ೩೧ ಎಂಬುದರ ಕ್ರಮವು ಬೇಸ್, ಕಲೆಕ್ಟರ್, ಎಮಿಟರ್, ಬಿ.ಡಿ. ೧೩೯ ಎಂಬುದರದು ಎಮಿಟರ್, ಕಲೆಕ್ಟರ್, ಬೇಸ್.

ಕ್ರಮವು ತಪ್ಪಿದರೆ ಯಂತ್ರವು ಪೂರ್ತಿ ಮೂಕವಾಗುತ್ತದೆಂದು ಭಾವಿಸಬಾರದು. ಕಲೆಕ್ಟರೂ ಎಮಿಟರೂ ಅದಲುಬದಲಾದಾಗ ಟ್ರಾನ್ಸಿಸ್ಟರು ಕ್ಷೀಣವಾಗಿ ಕೆಲಸಮಾಡುವುದುಂಟು. ಧ್ವನಿಯು ಬರುತ್ತದೆ, ಆದರೆ ಸಣ್ಣಗೆ, ಒಡಕಾಗಿ. ಆಗ ದುರಸ್ತಿ ಮಾಡುವವನು ದೋಷವು ಬೇರೆಲ್ಲಿಯೋ ಉಂಟೆಂದು ಹುಡುಕುತ್ತ ಒಳ್ಳೆಯ ಅಂಗಗಳನ್ನು ಒಂದೊಂದಾಗಿ ಕೀಳತೊಡಗುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯು ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಇದರ ಮೇಲೆ ಸಿಲಿಕಾನ್ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರುಗಳ ನಡುವಣ ಸಂಧಿಯು ವಿರುದ್ಧ ದಿಕ್ಕಿನಲ್ಲಿ ಸಾಮಾನ್ಯವಾಗಿ ಐದಾರು ವೋಲ್ಟುಗಳಿಗಿಂತ ಹೆಚ್ಚನ್ನು ತಾಳಲಾರದು. ತಪ್ಪಾಗಿ ನೆಟ್ಟ ಹೊಸ ಟ್ರಾನ್ಸಿಸ್ಟರು ಹೀಗೆ ಮೊದಲ ದಿನವೇ ಹಾಳಾಗಬಹುದು.

ಮೊದಲು ಪ್ರಾಣದ ಚಿಂತೆ

ಪೆಟ್ಟಿಗೆಯನ್ನು ಬಿಚ್ಚುವ ಮುನ್ನ ನಾಲ್ಕು ಎಚ್ಚರಿಕೆಗಳು. ಒಂದು: ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಬೇಕು, ಸ್ವಿಚ್ಚನ್ನು ಆರಿಸಿದರೆ ಸಾಲದು. ಎರಡು: ಒಳಗಿರುವ ದೊಡ್ಡ ಕೆಪಾಸಿಟರುಗಳು ಪ್ಲಗ್ಗನ್ನು ಕಿತ್ತ ಮೇಲೆಯೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ೧೦೦೦ ಓಮಿನ, ೫ ವ್ಯಾಟಿನ ರೆಸಿಸ್ಟರೊಂದನ್ನು ಕೈ ತಾಗದಂತೆ ಅವುಗಳ ಎರಡು ತುದಿಗಳಿಗೆ ಅರ್ಧ ನಿಮಿಷದ ಹೊತ್ತು ಹಿಡಿದು, ಅನಂತರ ಮೀಟರಿನಿಂದ ಅಳೆದು, ವೋಲ್ಟೇಜು ಇಳಿದಿದೆಯೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಸ್ಕ್ರೂ ಡ್ರೈವರಿನಿಂದ ತಟಕ್ಕನೆ ಕೂಡಿಸಿ ಕಿಡಿಹಾರಿಸುವ ವಾಡಿಕೆ ಒಳ್ಳೆಯದಲ್ಲ.

ಮೂರು: ಅಮೆರಿಕದಿಂದ ಬಂದ ಯಂತ್ರವು ೧೨೦ ವೋಲ್ಟಿನದಾಗಿರಬಹುದು, ಅದನ್ನು ನಮ್ಮ ೨೩೦ ವೋಲ್ಟಿನ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಬಾರದು, ನಡುವೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರು ಬೇಕು. ನಾಲ್ಕು: ಅಲ್ಲಿಯ ಹಳೆಯ ಯಂತ್ರಗಳಲ್ಲಿ ಎರಡೇ ಮುಳ್ಳುಗಳ ಪ್ಲಗ್ಗೂ, ವಿದ್ಯುತ್ತಿನ ತಂತಿಯಿಂದ ಲೋಹದ ಚಾಸಿಗೆ ಜೋಡಿಸಿದ ಒಂದು ಕೆಪಾಸಿಟರೂ ಇರುವುದುಂಟು. ಆ ಕೆಪಾಸಿಟರು ಕೆಟ್ಟು ಕೂಡಿಕೊಂಡರೆ ಚಾಸಿಗೂ, ಅಲ್ಲಿಂದ ಗಿಟಾರಿನ ತಂತಿಗಳಿಗೂ, ಅಲ್ಲಿಂದ ನುಡಿಸುವವನ ಬೆರಳುಗಳಿಗೂ ಮನೆಯ ಪೂರ್ಣ ವೋಲ್ಟೇಜು ಬಂದೀತು. ಅದನ್ನು ತೆಗೆಸಿ, ಮೂರು ಮುಳ್ಳಿನ ಪ್ಲಗ್ಗನ್ನು ಹಾಕಿಸಿ, ಚಾಸಿಗೆ ಭೂಮಿಯ ತಂತಿಯನ್ನು ಕೊಡಿಸುವುದು ಮೊದಲ ದುರಸ್ತಿ. ಧ್ವನಿಯ ವಿಚಾರ ಆಮೇಲೆ. ಈ ಕೆಲಸದಲ್ಲಿ ಕೈ ಪಳಗದವರು ಬಲ್ಲವರ ನೆರವನ್ನೇ ಪಡೆಯುವುದು ಲೇಸು.

ಕಣ್ಣಿನ ಪರೀಕ್ಷೆ

ಮೀಟರಿಗಿಂತ ಮುಂಚೆ ಕಣ್ಣು. ಯಾವುದನ್ನೂ ಮುಟ್ಟುವ ಮೊದಲು ಪ್ರತಿಯೊಂದು ಟ್ರಾನ್ಸಿಸ್ಟರೂ ಯಾವ ಮುಖವಾಗಿ ನಿಂತಿದೆ, ಯಾವ ಬಣ್ಣದ ತಂತಿಯು ಯಾವ ಕಾಲಿಗೆ ಹೋಗಿದೆ ಎಂಬುದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಮೊಬೈಲಿನಲ್ಲಿ ನಾಲ್ಕು ಚಿತ್ರಗಳನ್ನು ತೆಗೆದಿಟ್ಟರೆ ಇನ್ನೂ ಮೇಲು. ಅನಂತರ ಹಲಗೆಯ ಹಿಂಬದಿಯ ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಕಾಲಿನ ಸುತ್ತಲೂ ಕೂದಲೆಳೆಯಂಥ ಉಂಗುರಾಕಾರದ ಬಿರುಕು ಕಂಡರೆ ಅದೇ ದೋಷ. ಯಂತ್ರವು ಕಾದು ತಣ್ಣಗಾಗುತ್ತ, ಸ್ಪೀಕರಿನ ಅದುರಾಟಕ್ಕೆ ಸಿಕ್ಕಿ, ವರ್ಷಾಂತರಗಳಲ್ಲಿ ಬೆಸುಗೆಯು ಹೀಗೆ ಬಿಟ್ಟುಕೊಳ್ಳುತ್ತದೆ. ಯಂತ್ರವು ಕಾದ ಮೇಲೆ ಕೆಡುವುದು, ತಟ್ಟಿದರೆ ಸರಿಹೋಗುವುದು ಮೊದಲಾದ ಲಕ್ಷಣಗಳಿಗೆ ಅನೇಕ ವೇಳೆ ಇದೇ ಕಾರಣ. ಹಳೆಯ ಬೆಸುಗೆಯನ್ನು ಹೀರಿ ತೆಗೆದು ಹೊಸದನ್ನು ಹಾಕಿದರೆ ಒಂದು ಕಾಸಿನ ಬಿಡಿಭಾಗವನ್ನೂ ಕೊಳ್ಳದೆ ಕೆಲಸವು ಮುಗಿದೀತು.

ದೊಡ್ಡ ಟ್ರಾನ್ಸಿಸ್ಟರುಗಳ ವಿಷಯ ಬೇರೆ. ಆ ಕಾಲದ ಯಂತ್ರಗಳಲ್ಲಿ ಸ್ಪೀಕರನ್ನು ನಡೆಸಲು ೨ಎನ್ ೩೦೫೫ ಮೊದಲಾದ ಲೋಹದ ಟ್ರಾನ್ಸಿಸ್ಟರುಗಳನ್ನು ಹೇರಳವಾಗಿ ಬಳಸುತ್ತಿದ್ದರು. ಅಮೆರಿಕದ ಆರ್.ಸಿ.ಎ. ಸಂಸ್ಥೆಯು ಹೊರತಂದ ಇದು ೧೫ ಆಂಪಿಯರು, ೬೦ ವೋಲ್ಟು, ೧೧೫ ವ್ಯಾಟುಗಳ ಮಿತಿಯುಳ್ಳದ್ದು. ಇದಕ್ಕೆ ಕಾಣುವ ಕಾಲುಗಳು ಎರಡೇ: ಬೇಸ್ ಮತ್ತು ಎಮಿಟರ್. ಮೂರನೆಯ ಕಾಲೆಲ್ಲಿ ಎಂದರೆ, ಲೋಹದ ಮೈಯೇ ಕಲೆಕ್ಟರು. ಎರಡು ಕಾಲುಗಳು ನಟ್ಟನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿರುವುದರಿಂದ ತಿರುಗುಮುರುಗಾಗಿ ಕೂರಿಸಲು ಬರುವುದಿಲ್ಲ, ಅದೊಂದು ಅನುಕೂಲ. ಆದರೆ ಮೈಗೆ ಸಂಪರ್ಕವು ದೊರೆಯುವುದು ಅದನ್ನು ಬಿಗಿದಿರುವ ಸ್ಕ್ರೂಗಳ ಮೂಲಕ ಎಂಬುದನ್ನು ಬಹುಮಂದಿ ಮರೆಯುತ್ತಾರೆ. ಸ್ಕ್ರೂ ಸಡಿಲವಾದರೆ, ಅಥವಾ ಅದರ ಕೆಳಗೆ ಕಿಲುಬು ಹಿಡಿದರೆ, ಟ್ರಾನ್ಸಿಸ್ಟರು ಆರೋಗ್ಯವಾಗಿದ್ದರೂ ಕಲೆಕ್ಟರಿನ ಸಂಪರ್ಕವು ಕಡಿಯುತ್ತದೆ. ಸ್ಕ್ರೂಗಳನ್ನು ಕಳಚಿ ಒರಸಿ ಬಿಗಿಯುವುದು, ಸಾಕೆಟ್ಟಿನಲ್ಲಿ ಕೂರಿಸಿದ್ದರೆ ಕಾಲುಗಳನ್ನು ಶುಚಿಮಾಡಿ ಮತ್ತೆ ಕೂರಿಸುವುದು, ಇವನ್ನು ಮಾಡದೆ ಯಾವ ತೀರ್ಮಾನಕ್ಕೂ ಬರಬಾರದು.

ಈ ಟ್ರಾನ್ಸಿಸ್ಟರಿಗೂ ಕಾವನ್ನು ಹೀರುವ ಅಲ್ಯೂಮಿನಿಯಮ್ ಹೀಟ್ ಸಿಂಕಿಗೂ ನಡುವೆ ಕಾಗೆಬಂಗಾರದ ತೆಳುವಾದ ಹಾಳೆಯೊಂದಿರುತ್ತದೆ. ಅದು ಕಾವನ್ನು ಬಿಟ್ಟು ವಿದ್ಯುತ್ತನ್ನು ತಡೆಯುತ್ತದೆ. ಎರಡು ಮಗ್ಗುಲಿಗೂ ಕಾವು ಸಾಗಲೆಂದು ಬಿಳಿಯ ಲೇಪವನ್ನು ಹಚ್ಚಿರುತ್ತಾರೆ. ಹಾಳೆಯು ಸೀಳಿದರೆ, ಇಲ್ಲವೇ ಒಂದು ಲೋಹದ ಚೂರು ಅದನ್ನು ಚುಚ್ಚಿದರೆ, ಕಲೆಕ್ಟರು ಹೀಟ್ ಸಿಂಕಿಗೆ ತಾಗಿ ಫ್ಯೂಸು ಹೋಗುತ್ತದೆ. ತಂತಿಗಳನ್ನು ಬಿಡಿಸಿ, ಟ್ರಾನ್ಸಿಸ್ಟರಿನ ಮೈಗೂ ಹೀಟ್ ಸಿಂಕಿಗೂ ಮೀಟರನ್ನು ಹಿಡಿದರೆ ಯಾವ ಸಂಪರ್ಕವೂ ತೋರಕೂಡದು. ಕೆಲವು ಯಂತ್ರಗಳಲ್ಲಿ ಹೀಟ್ ಸಿಂಕನ್ನೇ ಚಾಸಿಯಿಂದ ಬೇರ್ಪಡಿಸಿ, ಟ್ರಾನ್ಸಿಸ್ಟರನ್ನು ಅದಕ್ಕೆ ನೇರವಾಗಿ ಬಿಗಿದಿರುವುದೂ ಉಂಟು. ಹಾಗಿದ್ದರೆ ಹೀಟ್ ಸಿಂಕಿಗೂ ಚಾಸಿಗೂ ನಡುವೆ ಪರೀಕ್ಷೆ ಮಾಡತಕ್ಕದ್ದು.

ಮೀಟರಿನ ಪರೀಕ್ಷೆ

ಇನ್ನು ಟ್ರಾನ್ಸಿಸ್ಟರನ್ನೇ ಪರೀಕ್ಷಿಸುವ ಬಗೆ. ಹಲಗೆಯಲ್ಲಿರುವಾಗಲೇ ಅಳೆದರೆ ಅಕ್ಕಪಕ್ಕದ ರೆಸಿಸ್ಟರುಗಳ ದಾರಿಯಾಗಿ ವಿದ್ಯುತ್ತು ಹರಿದು ಲೆಕ್ಕವನ್ನು ಕೆಡಿಸುತ್ತದೆ. ಅನುಮಾನ ಬಂದದ್ದನ್ನು ಬಿಚ್ಚಿ ಹೊರಗೆ ತೆಗೆದು ಅಳೆಯುವುದೇ ಸರಿ. ಅದಾಗದಿದ್ದರೆ ಎರಡು ಕಾಲುಗಳನ್ನಾದರೂ ಬಿಡಿಸಬೇಕು.

ಡಿಜಿಟಲ್ ಮಲ್ಟಿಮೀಟರನ್ನು ಡಯೋಡ್ ಚಿಹ್ನೆಯಿರುವ ಸ್ಥಾನಕ್ಕೆ ತಿರುಗಿಸಿ. ಮೂರು ಕಾಲುಗಳನ್ನು ಎರಡೆರಡಾಗಿ, ಎರಡು ದಿಕ್ಕಿನಲ್ಲಿಯೂ ಮುಟ್ಟಿಸಿದರೆ ಒಟ್ಟು ಆರು ಅಳತೆಗಳಾಗುತ್ತವೆ. ಸಾಮಾನ್ಯವಾದ ಒಳ್ಳೆಯ ಸಿಲಿಕಾನ್ ಟ್ರಾನ್ಸಿಸ್ಟರಿನಲ್ಲಿ ಈ ಆರರ ಪೈಕಿ ಎರಡು ಮಾತ್ರ ಸುಮಾರು ೦.೫ರಿಂದ ೦.೭ ವೋಲ್ಟಿನವರೆಗೆ ತೋರಿಸುತ್ತವೆ. ಉಳಿದ ನಾಲ್ಕರಲ್ಲಿ ಏನೂ ತೋರುವುದಿಲ್ಲ. ಆ ಎರಡಕ್ಕೂ ಸಾಮಾನ್ಯವಾದ ಕಾಲೇ ಬೇಸ್. ಅದರ ಮೇಲೆ ಕೆಂಪು ಕಡ್ಡಿ ಇದ್ದರೆ ಎನ್.ಪಿ.ಎನ್.; ಕಪ್ಪು ಕಡ್ಡಿ ಇದ್ದರೆ ಪಿ.ಎನ್.ಪಿ. ಎರಡು ಅಳತೆಗಳಲ್ಲಿ ಕೂದಲೆಳೆಯಷ್ಟು ಹೆಚ್ಚು ತೋರಿಸಿದ ಕಡೆ ಎಮಿಟರ್, ಕಡಿಮೆ ತೋರಿಸಿದ ಕಡೆ ಕಲೆಕ್ಟರ್. ಹೀಗೆ ಮೈಮೇಲಿನ ಅಕ್ಷರವು ಅಳಿಸಿಹೋಗಿದ್ದರೂ ಮೂರು ಕಾಲುಗಳನ್ನು ಗುರುತಿಸಬಹುದು. ಇದರಿಂದ ದೊಡ್ಡ ಉಪಕಾರವುಂಟು. ಏಕೆಂದರೆ ಆ ಕಾಲದ ಅನೇಕ ತಯಾರಕರು ಟ್ರಾನ್ಸಿಸ್ಟರುಗಳ ಮೇಲೆ ಲೋಕಕ್ಕೆ ತಿಳಿಯದ ತಮ್ಮದೇ ಅಂಕಿಗಳನ್ನು ಒತ್ತಿಸುತ್ತಿದ್ದರು.

ಕಲೆಕ್ಟರಿಗೂ ಎಮಿಟರಿಗೂ ನಡುವೆ ಎರಡು ದಿಕ್ಕಿನಲ್ಲಿಯೂ ಸೊನ್ನೆ ತೋರಿದರೆ ಆ ಟ್ರಾನ್ಸಿಸ್ಟರು ಸುಟ್ಟು ಕೂಡಿಕೊಂಡಿದೆ. ಬೇಸಿನಿಂದ ಎತ್ತಲೂ ಏನೂ ತೋರದಿದ್ದರೆ ಒಳಗೆ ಕಡಿದುಹೋಗಿದೆ. ಆದರೆ ಆತುರದ ತೀರ್ಪು ಕೂಡದು, ಮೂರು ಅಪವಾದಗಳುಂಟು. ಜರ್ಮೇನಿಯಮ್ಮಿನ ಹಳೆಯ ಟ್ರಾನ್ಸಿಸ್ಟರುಗಳು ೦.೨, ೦.೩ ವೋಲ್ಟುಗಳನ್ನು ಮಾತ್ರ ತೋರಿಸುತ್ತವೆ; ಕಲೆಕ್ಟರ್ ಎಮಿಟರುಗಳ ನಡುವೆ ಅಲ್ಪಸ್ವಲ್ಪ ಸೋರುವುದೂ ಅವುಗಳ ಸ್ವಭಾವ. ಯೂರೋಪಿನ ಪದ್ಧತಿಯಲ್ಲಿ ಹೆಸರಿನ ಮೊದಲಕ್ಷರವು ಎ ಆದರೆ ಜರ್ಮೇನಿಯಮ್, ಬಿ ಆದರೆ ಸಿಲಿಕಾನ್ ಎಂಬುದು ಇಲ್ಲಿ ನೆರವಾಗುತ್ತದೆ. ಎರಡನೆಯದಾಗಿ, ಡಾರ್ಲಿಂಗ್ಟನ್ ಎಂಬ ಜೋಡಿ ಟ್ರಾನ್ಸಿಸ್ಟರಿನಲ್ಲಿ ಒಂದರ ಮೇಲೊಂದು ಎರಡು ಸಂಧಿಗಳಿರುವುದರಿಂದ ಬೇಸಿನಿಂದ ಎಮಿಟರಿಗೆ ಅಳತೆಯು ಹೆಚ್ಚಾಗಿ ಬರುತ್ತದೆ. ಒಳಗೆ ಅಡಗಿರುವ ರೆಸಿಸ್ಟರುಗಳೂ ಡಯೋಡೂ ಬೇರೆ ಅಳತೆಗಳನ್ನು ತೋರಿಸುತ್ತವೆ. ಮೂರನೆಯದಾಗಿ, ಮುಳ್ಳು ಓಡುವ ಹಳೆಯ ಮೀಟರುಗಳಲ್ಲಿ ಓಮಿನ ಸ್ಥಾನದಲ್ಲಿ ಅನೇಕವೇಳೆ ಕಪ್ಪು ಕಡ್ಡಿಯೇ ಧನವಾಗಿರುತ್ತದೆ. ಈ ಗುಟ್ಟು ತಿಳಿಯದವರಿಗೆ ಎನ್.ಪಿ.ಎನ್. ಪಿ.ಎನ್.ಪಿ.ಯಾಗಿ ಕಾಣುತ್ತದೆ.

ವಿದ್ಯುತ್ತು ಕೊಟ್ಟು ನೋಡುವುದು

ಬೆಸುಗೆ, ಸ್ಕ್ರೂ, ಕಾಗೆಬಂಗಾರ, ಟ್ರಾನ್ಸಿಸ್ಟರು ಎಲ್ಲವೂ ಸರಿಯೆಂದು ಕಂಡ ಮೇಲೆ ವಿದ್ಯುತ್ತು ಕೊಡಬಹುದು. ಆದರೆ ನೇರವಾಗಿ ಅಲ್ಲ. ೬೦ ಅಥವಾ ೧೦೦ ವ್ಯಾಟಿನ ಹಳೆಯ ತಂತಿಯ ಬಲ್ಬೊಂದನ್ನು ಯಂತ್ರದೊಡನೆ ಸೀರೀಸಿನಲ್ಲಿ ಜೋಡಿಸಬೇಕು. ಎಲ್.ಇ.ಡಿ. ಬಲ್ಬು ಈ ಕೆಲಸಕ್ಕೆ ಬಾರದು. ಬಲ್ಬು ಕ್ಷಣಕಾಲ ಬೆಳಗಿ ಮಂಕಾದರೆ ಶುಭಲಕ್ಷಣ. ಪ್ರಕಾಶವಾಗಿಯೇ ಉರಿಯುತ್ತಿದ್ದರೆ ಎಲ್ಲಿಯೋ ಕೂಡಿಕೊಂಡಿದೆಯೆಂದು ತಿಳಿದು ಕೂಡಲೆ ಆರಿಸಬೇಕು. ಬಲ್ಬು ಇಲ್ಲದಿದ್ದರೆ ಹೊಸ ಟ್ರಾನ್ಸಿಸ್ಟರು ನಮ್ಮ ಕಣ್ಣೆದುರಿನಲ್ಲಿಯೇ ಹಳೆಯದರ ದಾರಿಯನ್ನು ಹಿಡಿಯುತ್ತಿತ್ತು.

ಈ ಹಂತದಲ್ಲಿ ಸ್ಪೀಕರನ್ನು ಜೋಡಿಸಲೇಬಾರದು. ಧನ ಋಣ ಎರಡು ಕಡೆಯೂ ೩೫ ವೋಲ್ಟಿರುವ ಯಂತ್ರವೊಂದರಲ್ಲಿ ಒಂದು ದೊಡ್ಡ ಟ್ರಾನ್ಸಿಸ್ಟರು ಕೂಡಿಕೊಂಡಿದೆಯೆನ್ನೋಣ. ಆಗ ೮ ಓಮಿನ ಸ್ಪೀಕರಿನ ಮೂಲಕ ನಾಲ್ಕು ಆಂಪಿಯರಿಗೂ ಮಿಕ್ಕ ಪ್ರವಾಹವು ಎಡೆಬಿಡದೆ ಹರಿದು ೧೫೦ ವ್ಯಾಟುಗಳಷ್ಟು ಕಾವು ಹುಟ್ಟುತ್ತದೆ. ಕೂದಲಿನಂಥ ತಂತಿಯ ಸುರುಳಿಯು ಅದನ್ನು ಎಷ್ಟು ಹೊತ್ತು ತಾಳೀತು? ಟ್ರಾನ್ಸಿಸ್ಟರು ಹೋದರೆ ಇನ್ನೊಂದು ಸಿಕ್ಕುತ್ತದೆ; ಐವತ್ತು ವರ್ಷಗಳ ಹಿಂದಿನ ಸ್ಪೀಕರು ಸುಟ್ಟರೆ ಆ ಯಂತ್ರದ ಕಂಠವೇ ಹೋದಂತೆ.

ಮೀಟರಿನ ಕಪ್ಪು ಕಡ್ಡಿಯನ್ನು ಚಾಸಿಗೆ ಕ್ಲಿಪ್ಪಿನಿಂದ ಕಚ್ಚಿಸಿ, ಒಂದೇ ಕೈಯಿಂದ ಕೆಂಪು ಕಡ್ಡಿಯನ್ನು ಆಡಿಸಿರಿ. ಎರಡು ದೊಡ್ಡ ಟ್ರಾನ್ಸಿಸ್ಟರುಗಳು ಕೂಡುವ ನಡುಬಿಂದುವನ್ನು ಮೊದಲು ಅಳೆಯತಕ್ಕದ್ದು. ಸ್ಪೀಕರಿಗೆ ದೊಡ್ಡ ಕೆಪಾಸಿಟರಿನ ಮೂಲಕ ತಂತಿಯು ಹೋಗಿದ್ದರೆ ಅಲ್ಲಿ ಒಟ್ಟು ವೋಲ್ಟೇಜಿನ ಅರ್ಧವಿರಬೇಕು. ೬೦ ಇದ್ದಲ್ಲಿ ಸುಮಾರು ೩೦. ಧನ ಋಣ ಎರಡೂ ಇರುವ ಯಂತ್ರವಾದರೆ ಅಲ್ಲಿ ಸೊನ್ನೆಗೆ ತೀರ ಹತ್ತಿರವಿರಬೇಕು. ಅನಂತರ ಒಂದೊಂದು ಸಣ್ಣ ಟ್ರಾನ್ಸಿಸ್ಟರಿನ ಬೇಸನ್ನೂ ಎಮಿಟರನ್ನೂ ಅಳೆದು ಕಳೆಯಿರಿ. ಕೆಲಸಮಾಡುತ್ತಿರುವ ಸಿಲಿಕಾನ್ ಟ್ರಾನ್ಸಿಸ್ಟರಿನಲ್ಲಿ ವ್ಯತ್ಯಾಸವು ೦.೬ ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಡಾರ್ಲಿಂಗ್ಟನ್ ಅಲ್ಲದ ಟ್ರಾನ್ಸಿಸ್ಟರಿನಲ್ಲಿ ಅದು ಸರಿಯಾದ ದಿಕ್ಕಿನಲ್ಲಿಯೇ ಒಂದು ವೋಲ್ಟನ್ನು ಮೀರಿದ್ದರೆ, ಆ ಸಂಧಿಯು ಒಳಗೆ ಕಡಿದಿದೆ, ಇಲ್ಲವೇ ಕಾಲುಗಳ ಕ್ರಮವು ತಪ್ಪಿದೆ. ಕಡ್ಡಿಯು ಜಾರಿ ಎರಡು ಕಾಲುಗಳನ್ನು ಒಟ್ಟಿಗೆ ಮುಟ್ಟದಂತೆ ಎಚ್ಚರವಿರಲಿ. ಬೇಸೂ ಕಲೆಕ್ಟರೂ ಒಂದು ಕ್ಷಣ ಕೂಡಿದರೂ ಒಳ್ಳೆಯ ಟ್ರಾನ್ಸಿಸ್ಟರು ಸತ್ತೀತು.

ಹೊಸದನ್ನು ಕೂರಿಸುವುದು

ಬದಲು ಟ್ರಾನ್ಸಿಸ್ಟರು ಬೇಕಾದಾಗ ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಅಂಗಡಿಗಳುಂಟು. ಬೆಂಗಳೂರಿಗೂ ಈ ವಸ್ತುವಿಗೂ ನಂಟು ಹಳೆಯದು: ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ೧೯೬೨ರಲ್ಲಿಯೇ ಜರ್ಮೇನಿಯಮ್ಮಿನ ಅಂಗಗಳನ್ನು ತಯಾರಿಸತೊಡಗಿತ್ತು. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಚಿರಪರಿಚಿತವಾದ ಎಸ್.ಎಲ್. ೧೦೦ ಎಂಬ ಲೋಹದ ಟೋಪಿಯ ಟ್ರಾನ್ಸಿಸ್ಟರಿನಲ್ಲಿ ಅಂಚಿನಿಂದ ಹೊರಚಾಚಿದ ಸಣ್ಣ ಮೂಗಿನ ಪಕ್ಕದಲ್ಲಿರುವ ಕಾಲೇ ಎಮಿಟರು. ಕೊಳ್ಳುವಾಗ ಹೆಸರಾಂತ ಅಂಕಿಗಳ ನಕಲಿಗಳೂ ಬಜಾರಿನಲ್ಲಿ ತಿರುಗುತ್ತಿವೆಯೆಂಬುದನ್ನು ಮರೆಯಬಾರದು. ನಂಬಿಕಸ್ಥ ಅಂಗಡಿಯಲ್ಲಿ ಕೊಂಡು, ಮನೆಗೆ ತಂದ ಕೂಡಲೆ ಮೇಲೆ ಹೇಳಿದ ಆರು ಅಳತೆಗಳನ್ನು ಮಾಡುವುದು ಮೇಲು.

ಹೊಸದರ ಕಾಲುಗಳ ಕ್ರಮವು ಹಳೆಯದಕ್ಕಿಂತ ಬೇರೆಯಾಗಿದ್ದರೆ ಕಾಲುಗಳನ್ನು ಬಗ್ಗಿಸಿ, ಒಂದನ್ನೊಂದು ಮುಟ್ಟದಂತೆ ತೋಳುಕೊಳವೆಗಳನ್ನು ತೊಡಿಸಿ, ತಕ್ಕ ತೂತಿಗೆ ಸೇರಿಸಬೇಕು. ದೊಡ್ಡ ಟ್ರಾನ್ಸಿಸ್ಟರುಗಳಲ್ಲಿ ಒಂದು ಕೆಟ್ಟರೂ ಜೊತೆಯದನ್ನೂ ಪರೀಕ್ಷಿಸಿ, ಅನುಮಾನವಿದ್ದರೆ ಎರಡನ್ನೂ ಬದಲಿಸಿ. ಅವುಗಳನ್ನು ನಡೆಸುವ ಚಿಕ್ಕವನ್ನೂ, ಎಮಿಟರಿನ ದಾರಿಯಲ್ಲಿರುವ ರೆಸಿಸ್ಟರನ್ನೂ ಅಳೆಯದೆ ಬಿಡಬೇಡಿ. ಲೇಪವನ್ನು ಹೊಸದಾಗಿ, ತೆಳುವಾಗಿ ಹಚ್ಚಿ. ಮತ್ತೆ ಬಲ್ಬಿನ ಪರೀಕ್ಷೆ, ಮತ್ತೆ ನಡುಬಿಂದುವಿನ ಅಳತೆ. ಎರಡೂ ಸರಿಬಂದ ಮೇಲೆ ಬಲ್ಬನ್ನು ತೆಗೆದು ನಡುಬಿಂದುವನ್ನು ಇನ್ನೊಮ್ಮೆ ಅಳೆದು, ಕಟ್ಟಕಡೆಗೆ ಸ್ಪೀಕರನ್ನು ಜೋಡಿಸತಕ್ಕದ್ದು.

ಈ ಕೆಲಸಕ್ಕೆ ಬೇಕಾದ ಸಾಮಾನು ಹೆಚ್ಚೇನಲ್ಲ: ಒಂದು ಮೀಟರು, ಒಂದು ಬಲ್ಬು, ಬೆಸುಗೆಯ ಸಲಕರಣೆ, ಒಂದು ಕಾಗದ. ಬೇಕಾದ ಗುಣವಾದರೋ ತಾಳ್ಮೆ. ಅನುಮಾನ ಬಂದುದನ್ನೆಲ್ಲ ಕಿತ್ತುಹಾಕುವವನಿಗಿಂತ, ಕೀಳುವ ಮುನ್ನ ಮೂರು ಕಾಲುಗಳ ಹೆಸರನ್ನು ಕೇಳಿ ತಿಳಿದುಕೊಳ್ಳುವವನೇ ಬೇಗ ಮುಗಿಸುತ್ತಾನೆ. ಹಳೆಯ ಯಂತ್ರವೊಂದು ಮತ್ತೆ ನುಡಿಯತೊಡಗಿದರೆ ಮನೆಯಲ್ಲಿ ಹಣವೂ ಉಳಿಯುತ್ತದೆ. ಹಿರಿಯರು ಕೇಳಿದ ಧ್ವನಿಯನ್ನೇ ಮಕ್ಕಳೂ ಕೇಳುತ್ತಾರೆ.